ಎದುರು ಸೀಟಿನವರು

ಲಾರ್ಚ್ ರಸ್ತೆ, ವೆಲ್‌ಸ್ಟೆಡ್
೬ ಏಪ್ರಿಲ್ ೧೯೫೭

ಪ್ರೀತಿಯ ದೊಡ್ಡಮ್ಮ,

ನನಗೆ ಮದುವೆಯಾಗಿಬಿಟ್ಟಿತು! ಗುರುವಾರ, ನೋಂದಣಿ ಕಚೇರಿಯಲ್ಲಿ, ಹೊರಗೆ ಆಲಿಕಲ್ಲು ಪಟಪಟನೆ ಬೀಳುತ್ತಿರುವಾಗ. ನಾನೀಗ ಮಿಸೆಸ್ ಲಯನೆಲ್ ಟ್ರೆಂಚ್. ಹಾಗೆ ಬರೆದು ಬರೆದು ನೋಡಲೆಂದೇ ಒಂದು ಇಡೀ ಹಾಳೆ ಹಾಳುಮಾಡಿದ್ದೇನೆ. ಸಾಕ್ಷಿ ಹಾಕಲು ನನ್ನ ಹಳೆಯ ಆಫೀಸಿನ ಇಬ್ಬರು ಹುಡುಗಿಯರು ಬಂದಿದ್ದರು. ನೀನು ಬರುವುದಿಲ್ಲ ಎಂದು ಗೊತ್ತಿದ್ದರೂ ಬಾಗಿಲು ಕಿರ್ ಎಂದಾಗಲೆಲ್ಲ ತಿರುಗಿ ನೋಡುತ್ತಿದ್ದೆ. ಕೊನೆಗೆ ರಿಜಿಸ್ಟ್ರಾರರೇ, ‘ಇನ್ನೂ ಯಾರಾದ್ರೂ ಬರೋದಿದೆಯಾ ಅಮ್ಮ?’ ಎಂದು ಕೇಳಿದರು. ಇಲ್ಲ ಎಂದೆ. ನಗುತ್ತಲೇ ಹೇಳಿದೆ, ಆಣೆ.

ನಿಜ ಹೇಳು, ಲಯನೆಲ್ ಏನು ತಪ್ಪು ಮಾಡಿದ? ಕ್ರಿಸ್‌ಮಸ್‌ಗೆ ಅವನನ್ನು ಕರೆದುಕೊಂಡು ಬಂದಾಗ ನಿನಗೆ ಅವನು ಹಿಡಿಸಿದ್ದ. ಕೇಳದೆಯೇ ಎರಡನೆಯ ಸಲ ಪುಡಿಂಗ್ ಬಡಿಸಿದೆ. ನಿನ್ನ ಕೈಯಲ್ಲಿ ಅಂಥ ಮರ್ಯಾದೆ ಪಾದ್ರಿಗಳಿಗೂ ಸಿಕ್ಕಿದ್ದನ್ನು ನಾನು ನೋಡಿಲ್ಲ. ಆಮೇಲೆ ‘ಮನೆ ಎಲ್ಲಿ ಮಾಡ್ತೀರಪ್ಪ?’ ಎಂದು ಕೇಳಿದೆ. ‘ವೆಲ್‌ಸ್ಟೆಡ್‌ನಲ್ಲಿ, ನಾನೀಗ ಬಾಡಿಗೆ ಕೋಣೆಯಲ್ಲಿರೋ ಊರಲ್ಲೇ, ಅಲ್ಲಿಂದ ಲಂಡನ್ನಿಗೆ ಗಾಡಿ ಅನುಕೂಲ’ ಎಂದ. ನೀನು ಚಮಚ ಕೆಳಗಿಟ್ಟೆ. ‘ಅಲ್ಲಿ ಬೇಡ’ ಎಂದೆ. ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ಅಷ್ಟೇ! ಒಂದು ಊರಿನ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ?

ಬಂದು ನೋಡಿದರೆ ನಿನ್ನ ಸಿಟ್ಟು ನಿಲ್ಲುವುದಿಲ್ಲ. ಪುಟ್ಟ ಮನೆ, ಕೆಂಪು ಹೆಂಚು, ಮುಂದೆ ಬೇಲಿ, ಹಿಂದೆ ಉದ್ದನೆಯ ತೋಟ. ತೋಟ ಮುಗಿದಲ್ಲಿ ರೈಲು ಹಳಿ. ಗಾಡಿ ಹೋದಾಗಲೆಲ್ಲ ಅಡುಗೆಮನೆಯ ಬಟ್ಟಲುಗಳು ಒಂದಕ್ಕೊಂದು ಏನೋ ಹೇಳಿಕೊಂಡ ಹಾಗೆ ಸದ್ದು ಮಾಡುತ್ತವೆ. ಲಯನೆಲ್ ಬೆಳಿಗ್ಗೆ ಹೋಗುವ ಗಾಡಿಗೆ ನಾನು ಹಿತ್ತಲಿನಿಂದ ಟವೆಲ್ ಬೀಸುತ್ತೇನೆ. ಅವನು ಕಾಣುವುದಿಲ್ಲ, ಆದರೂ ಬೀಸುತ್ತೇನೆ.

ಮೇಲಿನ ಚಿಕ್ಕ ಕೋಣೆ ನಿನ್ನದು. ಪರದೆಗೆ ಹಳದಿ ಬಟ್ಟೆ ತಂದಿದ್ದೇನೆ. ಬಾ ದೊಡ್ಡಮ್ಮ, ನೀನು ಬರುವ ತನಕ ಈ ಮದುವೆ ಅರ್ಧ ಆದ ಹಾಗೇ.

ನಿನ್ನ ಹುಚ್ಚಿ,
ರೋವೀನಾ


ವಿಟ್‌ಬಿ
೧೫ ಏಪ್ರಿಲ್

ರೋವೀನಾ,

ಪತ್ರ ತಲುಪಿತು. ಇಬ್ಬರೂ ಚೆನ್ನಾಗಿರಿ. ಲಯನೆಲ್ ಮೇಲೆ ನನಗೆ ಏನೂ ಇಲ್ಲ, ಅವನಿಗೂ ಹೇಳು. ಒಳ್ಳೆಯ ಹುಡುಗ. ಹೊಟ್ಟೆ ತುಂಬ ತಿನ್ನುತ್ತಾನೆ, ಅಂಥವರು ಸಾಮಾನ್ಯವಾಗಿ ಕೆಟ್ಟವರಾಗಿರುವುದಿಲ್ಲ.

ಪಾರ್ಸೆಲ್‌ನಲ್ಲಿ ಕೌದಿ ಕಳಿಸಿದ್ದೇನೆ. ನಿನ್ನ ಅಮ್ಮ ಹೊಲಿಯಲು ಶುರುಮಾಡಿದ್ದು, ಅವಳು ಹೋದ ಮೇಲೆ ನಾನು ಮುಗಿಸಿದ್ದು. ಎಲ್ಲಿಂದ ಹೊಲಿಗೆ ಒರಟಾಗುತ್ತದೋ ಅಲ್ಲಿಂದ ನನ್ನದು.

ಬರಲು ಆಗುವುದಿಲ್ಲ. ಈಸ್ಟರ್‌ಗೆ ಕೋಣೆಗಳೆಲ್ಲ ಭರ್ತಿ. ಬಾಡಿಗೆಗೆ ಬಂದವರು ಸಮುದ್ರದಲ್ಲಿ ಕಾಲು ಅದ್ದಿ, ಮರಳನ್ನೆಲ್ಲ ನನ್ನ ಹಾಸಿಗೆಗೆ ತರುತ್ತಾರೆ. ದಿನಾ ಚಾದರ ಒಗೆದು ಒಗೆದು ಮಣಿಕಟ್ಟು ಮಾತು ಕೇಳುತ್ತಿಲ್ಲ. ಬಿಡುವಾದಾಗಲೂ ಬರುತ್ತೇನೆ ಎಂದು ಕಾಯಬೇಡ. ಸುಳ್ಳು ಆಸೆ ಹುಟ್ಟಿಸುವುದಕ್ಕಿಂತ ಈಗಲೇ ಹೇಳುವುದು ಮೇಲು.

ಊರೆಲ್ಲ ಸುತ್ತುತ್ತೀಯ ಎಂದು ಗೊತ್ತು, ನಿನ್ನ ಕಾಲು ಮನೆಯಲ್ಲಿ ನಿಲ್ಲುವುದಲ್ಲ. ಮಳೆ ಬಂದ ಮರುದಿನ ಕೆರೆಯ ಹಿಂದಿನ ದಾರಿ ಹಿಡಿಯಬೇಡ. ಮೊಣಕಾಲಿನ ತನಕ ಕೆಸರು.

ನಿನ್ನ ದೊಡ್ಡಮ್ಮ,
ಹೆಸ್ಟರ್


ವೆಲ್‌ಸ್ಟೆಡ್
೧೨ ಮೇ

ದೊಡ್ಡಮ್ಮ,

ಕೌದಿ ಬಂತು, ಒರಟು ಹೊಲಿಗೆಯ ಕಡೆಯನ್ನೇ ನನ್ನ ಮಗ್ಗುಲಿಗೆ ಹಾಕಿಕೊಂಡಿದ್ದೇನೆ. ಆದರೆ ಒಂದು ಪ್ರಶ್ನೆ. ಇಲ್ಲಿ ಒಂದು ಕೆರೆ ಇದೆ ಎಂದು ನಿನಗೆ ಹೇಗೆ ಗೊತ್ತು? ನಾನು ಬರೆದಿರಲಿಲ್ಲ! ಮೊದಲ ಪತ್ರದ ಹೊತ್ತಿಗೆ ನಾನೇ ಕೆರೆ ನೋಡಿರಲಿಲ್ಲ. ನಿನ್ನ ಪತ್ರ ಓದಿ ಹುಡುಕಿಕೊಂಡು ಹೋದೆ. ಹಿಂದಿನ ದಾರಿಯಲ್ಲೇ ಹೋದೆ, ಬಲಗಾಲಿನ ಶೂ ಕೆಸರಿನಲ್ಲಿ ಕಳೆದುಕೊಂಡೆ. ಕುಂಟುತ್ತಾ ಬಂದ ನನ್ನನ್ನು ನೋಡಿ ಹಾಲಿನವನು, ‘ಹೊಸಬರು ಅಂತ ಬೋರ್ಡ್ ಹಾಕ್ಕೊಂಡೇ ಓಡಾಡ್ತೀರಲ್ಲ ಮೇಡಂ’ ಎಂದ.

ಇದು ಒಂದು ಊರಲ್ಲ, ಎರಡು. ನಾನು ಮೊದಲ ಸಲ ಮಾಂಸದಂಗಡಿಗೆ ಹೋದಾಗ ಅಂಗಡಿಯವನು ಕತ್ತಿ ಮಸೆಯುತ್ತಾ, ‘ಹಳೇ ಊರಿನವರೋ ಸ್ಟೇಷನ್ ಕಡೆಯವರೋ?’ ಎಂದು ಕೇಳಿದ. ಸ್ಟೇಷನ್ ಕಡೆ ಎಂದೆ. ‘ಹಾಗಾದ್ರೆ ಶುಕ್ರವಾರ ಮೀನು, ಭಾನುವಾರ ಚಿಕ್ಕ ತುಂಡು, ಸೋಮವಾರ ಸಾಲ ಇಲ್ಲ’ ಎಂದ. ಹಿಂದೆ ಮೊದಲ ಹಳಿ ಹಾಕುವಾಗ ಇಲ್ಲಿನ ಜಮೀನ್ದಾರರು ಹೊಗೆಗಾಡಿ ತಮ್ಮ ಕಿಟಕಿಗೆ ಕಾಣಬಾರದು ಎಂದು ಹಟ ಹಿಡಿದರಂತೆ. ಅದಕ್ಕೇ ಸ್ಟೇಷನ್ ಊರಿನಿಂದ ದೂರದ ಬಯಲಿನಲ್ಲಿ. ಆಮೇಲೆ ಲಂಡನ್ನಿಗೆ ಹೋಗಿಬರುವವರೆಲ್ಲ ಸ್ಟೇಷನ್ ಸುತ್ತ ಮನೆ ಕಟ್ಟಿಕೊಂಡರು. ಚರ್ಚು, ಹಳೆಯ ಛತ್ರ, ಕುದುರೆಗೆ ನೀರು ಕುಡಿಸುವ ಕಲ್ಲಿನ ತೊಟ್ಟಿ ಎಲ್ಲ ಅತ್ತ. ನಾವೆಲ್ಲ ಇತ್ತ. ನಡುವೆ ಕಾಮನ್, ಯಾರಿಗೂ ಸೇರದ ಹಸಿರು ಬಯಲು. ಅಲ್ಲಿ ದನ ಮೇಯಿಸುವ ಹಕ್ಕು ಹಳೇ ಊರಿನ ಕೆಲವು ಮನೆಗಳಿಗೆ ಮಾತ್ರ. ನಮಗಿರುವುದು ನಡೆಯುವ ಹಕ್ಕು. ನಾನಂತೂ ಅದನ್ನು ಪೂರ್ತಿ ಬಳಸಿಕೊಳ್ಳುತ್ತಿದ್ದೇನೆ. ಹಳದಿ ಹೂವಿನ ಮುಳ್ಳುಗಿಡ, ಬರ್ಚ್ ಮರ, ಬಾತುಗಳು. ಒಂದು ಹೆಬ್ಬಾತು ನನ್ನನ್ನು ಕಂಡರೆ ಕತ್ತು ಚಾಚಿ ಓಡಿ ಬರುತ್ತದೆ. ಈ ಊರಿನಲ್ಲಿ ನನ್ನನ್ನು ಗುರುತು ಹಿಡಿಯುವುದು ಸದ್ಯಕ್ಕೆ ಅದೊಂದೇ.

ನನಗೆ ಎಲ್ಲಕ್ಕಿಂತ ಇಷ್ಟ ಸಂಜೆಯ ಗಾಡಿ. ಹೆಂಗಸರೆಲ್ಲ ಸ್ಟೇಷನ್ನಿನ ಮುಂದೆ ಬಂದು ನಿಲ್ಲುತ್ತಾರೆ, ಕೆಲವರು ಕಾರಿನಲ್ಲಿ, ನಾನು ಕಾಲ್ನಡಿಗೆಯಲ್ಲಿ. ಗಾಡಿ ನಿಂತದ್ದೇ ಬಾಗಿಲುಗಳೆಲ್ಲ ದಢದಢ ತೆರೆದುಕೊಳ್ಳುತ್ತವೆ. ಒಂದೇ ಥರದ ಟೋಪಿ, ಒಂದೇ ಥರದ ಕೊಡೆ, ನೂರಾರು ಜನ. ಅದರೊಳಗಿಂದ ನನ್ನವನನ್ನು ಹೆಕ್ಕಿ ತೆಗೆಯಬೇಕು! ಮೊದಲ ವಾರ ಬೇರೆ ಯಾರದೋ ಗಂಡನ ತೋಳು ಹಿಡಿದೆ. ಅವರು ‘ಕ್ಷಮಿಸಿ’ ಎಂದರು, ತಪ್ಪು ಅವರದೇ ಎನ್ನುವ ಹಾಗೆ.

ಲಯನೆಲ್‌ಗೆ ದಣಿವು. ವಿಮೆ ಕಚೇರಿಯಲ್ಲಿ ಇಡೀ ದಿನ ಅಂಕಿ ಕೂಡಿಸುವ ಕೆಲಸ. ‘ಏನು ಸಮಾಚಾರ?’ ಎಂದರೆ ‘ಏನಿಲ್ಲ’ ಎನ್ನುತ್ತಾನೆ. ‘ಗಾಡಿಯಲ್ಲಿ ಯಾರು ಸಿಕ್ಕಿದ್ರು?’ ಎಂದರೆ ‘ಯಾವಾಗಲೂ ಇರೋರೇ’ ಎನ್ನುತ್ತಾನೆ. ‘ಅವರೆಲ್ಲ ಯಾರು?’ ಎಂದರೆ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿ, ‘ನನಗೇನು ಗೊತ್ತು?’ ಎನ್ನುತ್ತಾನೆ. ಆದರೂ ಭಾನುವಾರಗಳಲ್ಲಿ ಅವನಷ್ಟು ಮುದ್ದಿನವನು ಯಾರೂ ಇಲ್ಲ.

ಕೆರೆಯ ವಿಷಯ ಬರಿ. ಮತ್ತೆ, ಬಾ.

ರೋವೀನಾ


ವಿಟ್‌ಬಿ
೨೦ ಮೇ

ರೋವೀನಾ,

ಇಂಗ್ಲೆಂಡಿನ ಪ್ರತಿ ಊರಿನಲ್ಲೂ ಒಂದು ಕೆರೆ ಇರುತ್ತದೆ, ಅದರ ಹಿಂದೆ ಕೆಸರೂ ಇರುತ್ತದೆ. ಇದರಲ್ಲಿ ಕೇಳುವುದೇನಿದೆ?

ಶೂ ಹೊಸದು ತೆಗೆದುಕೋ. ನನಗೆ ಇಲ್ಲಿ ಕೈತುಂಬ ಕೆಲಸ, ಸಂಜೆಯಾದರೆ ಕೂತಲ್ಲೇ ತೂಕಡಿಕೆ. ಉದ್ದ ಬರೆಯಲು ಆಗುವುದಿಲ್ಲ. ನೀನು ಬರೆಯುತ್ತಿರು.

ಹೆಸ್ಟರ್


ವೆಲ್‌ಸ್ಟೆಡ್
೨೩ ಜೂನ್

ದೊಡ್ಡಮ್ಮ,

ನಾನೊಂದು ಅನಾಹುತ ಮಾಡಿದ್ದೇನೆ. ನಗಬೇಕೋ ಅಳಬೇಕೋ ತಿಳಿಯದು. ನಿನಗೆ ಹೇಳಿದರೆ ತಿಳಿದೀತು.

ಮಂಗಳವಾರ ಪರದೆಗೆ ಲೇಸು ತರಲು ಲಂಡನ್ನಿಗೆ ಹೊರಟೆ. ‘ನಿನ್ನ ಜೊತೆಗೇ ಬರ್ತೀನಿ’ ಎಂದೆ. ಲಯನೆಲ್ ಮುಖ ಸ್ವಲ್ಪ ಬಿಳಿಚಿಕೊಂಡಿತು. ಆಗ ನನಗೆ ಅರ್ಥವಾಗಲಿಲ್ಲ. ‘ಹತ್ತು ಗಂಟೆ ಮೇಲೆ ಟಿಕೆಟ್ ಅಗ್ಗ’ ಎಂದ. ‘ನನಗೆ ನೀನು ಬೇಕು, ಅಗ್ಗದ ಟಿಕೆಟ್ ಅಲ್ಲ’ ಎಂದೆ.

ಪ್ಲಾಟ್‌ಫಾರ್ಮಿನಲ್ಲಿ ಅವನು ಒಂದು ಕಂಬದ ಪಕ್ಕ ಹೋಗಿ ನಿಂತ. ಮತ್ತೆ ನಾಲ್ವರು ಬಂದು ಅಕ್ಕಪಕ್ಕ ನಿಂತರು. ಯಾರೂ ಯಾರನ್ನೂ ನೋಡಲಿಲ್ಲ. ಗಾಡಿ ಬಂದು ನಿಂತರೆ ಬಾಗಿಲು ಸರಿಯಾಗಿ ಅವರ ಮೂಗಿನ ಮುಂದೆ! ನಾನು ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತುಬಿಟ್ಟೆ, ಲಯನೆಲ್ ಎದುರಿಗೆ. ಬೂದು ಕೈಗವಸು ಹಾಕಿದ ವಯಸ್ಸಾದವರೊಬ್ಬರು ಹತ್ತಿದವರು ನನ್ನ ಮುಂದೆ ನಿಂತೇ ಇದ್ದರು. ಚರ್ಚಿನಲ್ಲಿ ತನ್ನ ಸಮಾಧಿಯ ಮೇಲೆ ಬೇರೆ ಯಾರೋ ಮಲಗಿರುವುದನ್ನು ಕಂಡವರ ಹಾಗೆ.

‘ಬನ್ನಿ ಸರ್, ಇಲ್ಲಿ ಬೇಕಾದಷ್ಟು ಜಾಗ ಇದೆ’ ಎಂದೆ.

‘ರೋವೀನಾ, ಏಳು’ ಎಂದು ಲಯನೆಲ್ ತುಟಿ ಅಲುಗಿಸದೆ ಹೇಳಿದ.

‘ಯಾಕೆ?’

‘ಅದು ಅವರ ಜಾಗ.’

‘ಅವರ ಹೆಸರು ಬರೆದಿದೆಯಾ? ಏನು ಅವರ ಹೆಸರು?’

‘ನನಗೆ ಗೊತ್ತಿಲ್ಲ.’

‘ಐದು ವರ್ಷದಿಂದ ಎದುರುಬದುರು ಕೂತ್ಕೊಂಡು ಹೆಸರು ಗೊತ್ತಿಲ್ವಾ!’

ಇದನ್ನು ನಾನು ಎಷ್ಟು ಜೋರಾಗಿ ಹೇಳಿದೆನೋ, ಪತ್ರಿಕೆಗಳೆಲ್ಲ ಮಗುಚುವುದನ್ನು ನಿಲ್ಲಿಸಿಬಿಟ್ಟವು. ಸುಮ್ಮನಿದ್ದರೆ ಆಗುತ್ತಿತ್ತು. ನಿನಗೆ ನನ್ನ ವಿಷಯ ಗೊತ್ತಲ್ಲ. ವಿಟ್‌ಬಿ ಗಾಡಿಯಲ್ಲಿ ಹತ್ತಿ ಮುಂದಿನ ಸ್ಟೇಷನ್ ಬರುವುದರೊಳಗೆ ಪಕ್ಕದವರ ಮೊಮ್ಮಗುವಿನ ಹಲ್ಲು ಎಷ್ಟು ಎಂದು ತಿಳಿದುಕೊಂಡು ಬೆಳೆದವಳು ನಾನು. ಎದ್ದು ಅವರ ಜಾಗ ಬಿಟ್ಟುಕೊಟ್ಟೆ, ಕ್ಷಮೆ ಕೇಳಿದೆ, ನಾನು ರೋವೀನಾ ಟ್ರೆಂಚ್, ಇವರು ನನ್ನ ಗಂಡ ಲಯನೆಲ್, ಲಾರ್ಚ್ ರಸ್ತೆಯ ಕೊನೆಯ ಮನೆ, ನೀವು? ಎಂದು ಪೆಪ್ಪರ್‌ಮಿಂಟ್ ಪೊಟ್ಟಣ ಎಲ್ಲರ ಮುಂದೆ ಹಿಡಿದೆ. ಇಲ್ಲ ಎನ್ನುವುದು ಅಸಭ್ಯತೆ, ಹೌದು ಎನ್ನುವುದು ಇನ್ನೂ ಅಸಭ್ಯತೆ. ಪಾಪ, ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬರು ಚಹಾ ದಲ್ಲಾಳಿ. ಒಬ್ಬರು ವಕೀಲರ ಗುಮಾಸ್ತ. ಮೀಸೆ ಬಿಟ್ಟ ಇನ್ನೊಬ್ಬರಿಗೆ ಅವಳಿ ಮಕ್ಕಳು. ಬೂದು ಕೈಗವಸಿನವರು ಮಿಸ್ಟರ್ ಪಾರ್ಗೆಟರ್, ಹೆಂಡತಿ ತೀರಿಕೊಂಡಿದ್ದಾರೆ, ಬೀನ್ಸ್ ಬೆಳೆಯುತ್ತಾರೆ. ಲಂಡನ್ ಬರುವ ಹೊತ್ತಿಗೆ ಅವರು ನಕ್ಕೂ ಬಿಟ್ಟರು!

ಲಯನೆಲ್ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ. ಅವನ ಕಿವಿ ಬೀಟ್‌ರೂಟ್‌ನಂತಾಗಿತ್ತು. ಸಂಜೆ ಮನೆಗೆ ಬಂದವನು, ‘ನಾಳೆಯಿಂದ ಅವರೆಲ್ಲರಿಗೂ ಗುಡ್ ಮಾರ್ನಿಂಗ್ ಹೇಳ್ಬೇಕು. ಗೊತ್ತಾ ನಿಂಗೆ? ಪ್ರತಿ ದಿನ. ಸಾಯೋ ತನಕ’ ಎಂದ.

‘ಹೇಳಿದ್ರೆ ಏನಾಗುತ್ತೆ?’

‘ಆ ಒಂದು ಗಂಟೆ ಯಾರೂ ನನ್ನನ್ನ ಏನೂ ಕೇಳ್ತಿರ್ಲಿಲ್ಲ, ರೋವೀನಾ. ಇಡೀ ದಿನದಲ್ಲಿ ಅದೊಂದೇ.’

ಆಮೇಲೆ ನಾನು ಪಾತ್ರೆ ತೊಳೆದೆ. ಹೇಳು ದೊಡ್ಡಮ್ಮ, ಇದು ಅಷ್ಟು ದೊಡ್ಡ ತಪ್ಪೇ? ನೀನು ಬಂದು ನಾಲ್ಕು ದಿನ ಇದ್ದರೆ ನನಗೂ ಮನೆಯಲ್ಲಿ ಮಾತಾಡಲು ಒಬ್ಬರು ಇರುತ್ತಿದ್ದರು.

ರೋವೀನಾ


ವೆಲ್‌ಸ್ಟೆಡ್
೨೮ ಜುಲೈ

ದೊಡ್ಡಮ್ಮ,

ನಿನ್ನಿಂದ ಪತ್ರವಿಲ್ಲ. ಬೇಸಿಗೆಯಲ್ಲಿ ನಿನಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಲಯನೆಲ್ ತಾನು ದಿನಾ ಕೂರುತ್ತಿದ್ದ ಡಬ್ಬಿ ಬಿಟ್ಟ. ಮೊದಲು ಗಾಡಿಯ ಕೊನೆಯ ಡಬ್ಬಿಗೆ ಹೋಗಲು ಶುರುಮಾಡಿದ. ಅಲ್ಲಿ ನೋಡಿದರೆ ಅವಳಿ ಮಕ್ಕಳ ಮೀಸೆಯವರು ಆಗಲೇ ಬಂದು ಕೂತಿದ್ದಾರೆ! ಅವರೂ ತಪ್ಪಿಸಿಕೊಂಡು ಬಂದವರೇ. ಇಬ್ಬರೂ ಮುಖ ಮುಖ ನೋಡಿಕೊಂಡು, ಗುಡ್ ಮಾರ್ನಿಂಗ್ ಹೇಳಲೇಬೇಕಾಯಿತಂತೆ. ಅವತ್ತಿನಿಂದ ಲಯನೆಲ್ ಮುಂಚಿನ ಗಾಡಿಗೆ ಹೋಗಿ ಆಮೇಲಿನ ಗಾಡಿಗೆ ಬರುತ್ತಾನೆ. ನಾನು ಏಳುವಾಗ ಅವನ ಹಾಸಿಗೆ ತಣ್ಣಗಿರುತ್ತದೆ. ಟವೆಲ್ ಬೀಸುವುದನ್ನು ಬಿಟ್ಟಿದ್ದೇನೆ. ಯಾವ ಗಾಡಿ ಎಂದೇ ತಿಳಿಯುವುದಿಲ್ಲ.

ಇದನ್ನು ಹೇಳಲು ಕೂತದ್ದಲ್ಲ. ನಿನ್ನೆ ಮಧ್ಯಾಹ್ನ ಲಯನೆಲ್ ಕ್ಷೌರಕ್ಕೆ ಹೋಗಿದ್ದಾಗ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಮಿಸ್ಟರ್ ಪಾರ್ಗೆಟರ್, ಕೈಯಲ್ಲಿ ಬೀನ್ಸ್ ತುಂಬಿದ ಚೀಲ. ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು.

‘ಮಿಸ್ಟರ್ ಟ್ರೆಂಚ್ ಹುಷಾರಾಗಿದಾರಾ?’

‘ಹುಷಾರಾಗಿದಾರೆ. ಕೂದಲು ಕತ್ತರಿಸ್ಕೊಳ್ಳೋಕೆ ಹೋಗಿದಾರೆ.’

‘ಕೂದಲು’ ಎಂದರು. ‘ಒಳ್ಳೇದು. ಒಳ್ಳೇದು.’ ಅಷ್ಟು ಹೇಳಿ ಮೆಟ್ಟಿಲ ಮೇಲೇ ಕೂತುಬಿಟ್ಟರು. ನಾನು ಗಾಬರಿಯಾಗಿ ಚಹಾ ತಂದೆ. ಒಳಗೆ ಬರಲು ಒಪ್ಪಲಿಲ್ಲ. ಅಲ್ಲೇ ಕೂತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬೇಲಿಯ ಕಡೆ ನೋಡುತ್ತ ಹೇಳಿದರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

‘ನಿಮ್ಮ ಯಜಮಾನ್ರು ಕೂರೋ ಜಾಗದಲ್ಲಿ ಮುಂಚೆ ಇನ್ನೊಬ್ರು ಕೂರ್ತಿದ್ರು. ಯುದ್ಧ ಮುಗಿದ ಮರುವರ್ಷದ ಮಾತು. ದಿನಾ ಪದಬಂಧ ಬಿಡಿಸೋರು. ಊರಿನ ಮುಂಚೆ ಸುರಂಗ ಬರುತ್ತಲ್ಲ, ಅಲ್ಲಿಗೆ ಮುಗಿಸಿ ಪೆನ್ಸಿಲನ್ನ ಕಿವಿಗೆ ಸಿಕ್ಕಿಸ್ಕೊಳ್ಳೋರು. ಒಂದು ಸಂಜೆ ಸುರಂಗ ದಾಟಿದ ಮೇಲೆ ಪೆನ್ಸಿಲ್ ಕೆಳಗೆ ಬಿದ್ದಿತ್ತು. ಕಣ್ಣು ಮುಚ್ಚಿದ್ರು. ನಿದ್ದೆ ಅಂದ್ಕೊಂಡೆ. ಪೆನ್ಸಿಲ್ ಎತ್ತಿ ಅವರ ಮೇಲು ಜೇಬಿಗೆ ಇಟ್ಟೆ. ವೆಲ್‌ಸ್ಟೆಡ್ ಬಂತು. ಅವರೂ ಇಲ್ಲೇ ಇಳಿಯೋರು. ಎಬ್ಬಿಸ್ಬೇಕು ಅಂದ್ಕೊಂಡೆ. ಪರಿಚಯ ಇರ್ಲಿಲ್ಲ ನೋಡಿ. ಹೆಸರು ಗೊತ್ತಿದ್ರೆ ಕರೀಬಹುದಿತ್ತು. ಇವತ್ತು ಮುಂದೆ ಎಲ್ಲಿಗೋ ಹೋಗ್ತಿರಬೇಕು, ನನಗ್ಯಾಕೆ ಅಂತ ಇಳಿದ್ಬಿಟ್ಟೆ. ನಾವೆಲ್ಲ ಇಳಿದ್ವಿ. ಹೊರಗೆ ಅವರ ಹೆಂಡತಿ ನಿಂತಿದ್ರು, ಹಸಿರು ಕೋಟು. ದಿನಾ ಟೋಪಿ ಎತ್ತೋ ಹಾಗೆ ಎತ್ತಿ ಮನೆಗೆ ಹೋದೆ. ಗಾಡಿ ಅವರನ್ನ ಸಮುದ್ರದ ತನಕ ಕರ್ಕೊಂಡು ಹೋಯ್ತು. ಕಸ ಗುಡಿಸೋಳು ನೋಡಿದ್ದು. ಪ್ರಾಣ ಹೋಗಿತ್ತು.’

ಆಮೇಲೆ, ‘ಎಬ್ಬಿಸಿದ್ದಿದ್ರೆ ಡಾಕ್ಟರು ಉಳಿಸ್ತಿದ್ರೋ ಏನೋ’ ಎಂದರು. ಆ ಜಾಗದಲ್ಲಿ ಬಹಳ ಕಾಲ ಯಾರೂ ಕೂರಲಿಲ್ಲವಂತೆ. ಊರಿಗೆ ಹೊಸಬನಾದ ಲಯನೆಲ್ ಬಂದು ಕೂತಾಗ ಅವರಿಗೆ ಎಷ್ಟೋ ಹಗುರವಾಯಿತಂತೆ. ಈಗ ಮತ್ತೆ ಖಾಲಿ. ದಿನಾ ನೋಡಿದರು, ಇವತ್ತು ಬರಬಹುದು, ನಾಳೆ ಬರಬಹುದು ಎಂದು. ತಡೆಯಲಾರದೆ, ನಾನು ಅವತ್ತು ಹೇಳಿದ್ದ ವಿಳಾಸ ಹುಡುಕಿಕೊಂಡು ಬಂದರು. ಲಯನೆಲ್ ಡಬ್ಬಿ ಬದಲಾಯಿಸಿದ್ದು ಯಾಕೆ ಎಂದು ನನಗೆ ಹೇಳಲಾಗಲಿಲ್ಲ. ಕೆಲಸದ ಹೊತ್ತು ಬದಲಾಗಿದೆ ಎಂದೆ. ಬೀನ್ಸ್ ಕೊಟ್ಟು ಹೋದರು.

ಪಾಪ ಆ ಹೆಂಗಸು. ಎಲ್ಲಿ ಹೋದಳೋ. ಇವತ್ತು ಇಡೀ ದಿನ ಅವಳದೇ ಯೋಚನೆ, ಬೀನ್ಸ್ ಬೇಯಿಸಲೂ ಮನಸ್ಸಾಗಲಿಲ್ಲ. ಬಾ ದೊಡ್ಡಮ್ಮ. ಒಂದೆರಡು ದಿನಕ್ಕಾದರೂ.

ರೋವೀನಾ


ವಿಟ್‌ಬಿ
೪ ಆಗಸ್ಟ್

ಮಗು,

ಆ ಹಸಿರು ಕೋಟನ್ನು ಬಿಚ್ಚಿ ನಿನಗೆ ಶಾಲೆಗೆ ಹಾಕಿಕೊಂಡು ಹೋಗಲು ಲಂಗ ಹೊಲಿದೆ. ಎರಡು ಚಳಿಗಾಲ ಹಾಕಿಕೊಂಡೆ ನೀನು. ಚುಚ್ಚುತ್ತದೆ ಎಂದು ಗೊಣಗುತ್ತಿದ್ದೆ.

ನಿನ್ನ ಸಿರಿಲ್ ದೊಡ್ಡಪ್ಪ ಲಂಡನ್ನಿನ ಹತ್ತಿರ ಎದೆನೋವಿನಿಂದ ಹೋದರು ಎಂದಷ್ಟೇ ಹೇಳಿದ್ದೆ. ಸುಳ್ಳಲ್ಲ. ಊರಿನ ಹೆಸರು ಹೇಳಲಿಲ್ಲ, ಅಷ್ಟೇ. ಅದೇ ವರ್ಷ ನಿನ್ನ ಅಮ್ಮನೂ ಹೋದಳು. ನಿನ್ನನ್ನು ನೋಡಿಕೊಳ್ಳಬೇಕಿತ್ತು, ಹೊರಟು ಬಂದೆ. ಬರಲು ಒಂದು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ನೆಮ್ಮದಿಯಾಗಿತ್ತು. ಇದನ್ನು ನೀನು ತಪ್ಪು ತಿಳಿಯಬಾರದು.

ಬೂದು ಕೈಗವಸಿನವರು ನನಗೆ ಗೊತ್ತು, ಮುಖ ಕಂಡು ಅಷ್ಟೇ. ಅವತ್ತು ಟೋಪಿ ಎತ್ತಿ ಹೋದರು. ಎಲ್ಲರ ಗಂಡಂದಿರೂ ಬಂದರು, ಕಾರುಗಳು ಹೊರಟವು. ಒಬ್ಬಳಾದರೂ ‘ನಿಮ್ಮವರು ಬರಲಿಲ್ವಾ?’ ಎನ್ನಲಿಲ್ಲ. ಆ ಕೈಗವಸಿನವರನ್ನು ನಿಲ್ಲಿಸಿ ನಾನೇ ಕೇಳಬಹುದಿತ್ತು. ನನಗೂ ಅವರ ಪರಿಚಯವಿರಲಿಲ್ಲ. ಮುಂದಿನ ಗಾಡಿಗೆ ಕಾದೆ, ಅದರ ಮುಂದಿನದಕ್ಕೆ ಕಾದೆ. ಸ್ಟೇಷನ್ ಮಾಸ್ತರರು ದೀಪ ಆರಿಸಲು ಬಂದು, ‘ಮನೆಗೆ ಹೋಗಿ ಅಮ್ಮಾ’ ಎಂದರು.

ಸಿರಿಲ್ ಒಂದೇ ಕ್ಷಣದಲ್ಲಿ ಹೋಗಿದ್ದರು ಎಂದು ಡಾಕ್ಟರು ಹೇಳಿದರು. ಸುರಂಗದಲ್ಲೇ. ಎಬ್ಬಿಸಿದ್ದರೂ ಅಷ್ಟೇ, ಎಬ್ಬಿಸದಿದ್ದರೂ ಅಷ್ಟೇ. ಆ ಮನುಷ್ಯ ಇಷ್ಟು ವರ್ಷ ಇದನ್ನು ಹೊತ್ತುಕೊಂಡು ಅದೇ ಜಾಗದ ಎದುರು ಕೂತಿದ್ದಾರೆ ಎಂದು ನನಗೆ ಹೇಗೆ ತಿಳಿಯಬೇಕು?

ಬಟ್ಟೆಗಳನ್ನು ಮರಳಿ ಕೊಟ್ಟಾಗ ಪೆನ್ಸಿಲ್ ಮೇಲಿನ ಜೇಬಿನಲ್ಲಿತ್ತು. ಸಿರಿಲ್ ಎಂದೂ ಅಲ್ಲಿ ಇಡುತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವರಿಗೆ ಏನಾಯಿತು, ಪೆನ್ಸಿಲನ್ನು ಯಾಕೆ ಅಲ್ಲಿಟ್ಟರು ಎಂದು ಚಾದರ ಒಗೆಯುವಾಗ, ಮೊಟ್ಟೆ ಬೇಯಿಸುವಾಗ ಯೋಚಿಸಿದ್ದೇನೆ. ಯಾರೋ ಬಗ್ಗಿ ಎತ್ತಿಕೊಟ್ಟಿದ್ದರು. ಇಷ್ಟೇ.

ಡಾಕ್ಟರ ಮಾತನ್ನು ಆ ಕೈಗವಸಿನವರಿಗೆ ಹೇಳಬೇಕು. ನೀನು ಹೇಳಬೇಡ. ನಾನೇ ಕಾಗದ ಬರೆಯುತ್ತೇನೆ. ಎರಡು ಸಲ ಶುರುಮಾಡಿ ಬಿಟ್ಟೆ. ಕಣ್ಣು ಎಳೆಯುತ್ತಿದೆ, ಸಾಕು.

ಹೆಸ್ಟರ್


ವೆಲ್‌ಸ್ಟೆಡ್
೧೫ ಸೆಪ್ಟೆಂಬರ್

ಪ್ರೀತಿಯ ದೊಡ್ಡಮ್ಮ,

ಉತ್ತರ ತಡವಾಯಿತು. ಏನೇನೋ ಬರೆದು ಹರಿದೆ. ಲಂಗ ಚುಚ್ಚುತ್ತದೆ ಎಂದು ಗೊಣಗಿದ್ದಕ್ಕೆ ಕ್ಷಮಿಸು.

ನಾವು ಚೆನ್ನಾಗಿದ್ದೇವೆ. ಹವೆ ಪರವಾಗಿಲ್ಲ. ಕಾಮನ್ನಿನಲ್ಲಿ ಜರೀಗಿಡಗಳು ಕಂದು ಬಣ್ಣಕ್ಕೆ ತಿರುಗಿವೆ. ಆ ಕಡೆ ಹೋಗಿ ಬಹಳ ದಿನವಾಯಿತು. ಮಿಸ್ಟರ್ ಪಾರ್ಗೆಟರ್ ದಾರಿಯಲ್ಲಿ ಸಿಕ್ಕರೆ ಲಯನೆಲ್ ಹೇಗಿದ್ದಾರೆ ಎಂದು ಕೇಳುತ್ತಾರೆ. ಚೆನ್ನಾಗಿದ್ದಾರೆ ಎನ್ನುತ್ತೇನೆ. ಮೂಲಂಗಿ ಕೊಡುತ್ತಾರೆ.

ದೊಡ್ಡಪ್ಪನ ವಿಷಯ ಲಯನೆಲ್‌ಗೆ ಹೇಳಬೇಕು ಎಂದುಕೊಂಡಿದ್ದೇನೆ. ಅವನು ಬರುವ ಹೊತ್ತಿಗೆ ಊಟ ಆರಿರುತ್ತದೆ, ಮತ್ತೆ ಬಿಸಿ ಮಾಡುತ್ತೇನೆ. ಅವನಿಗೆ ದಣಿವು. ಹೇಗೆ ಶುರುಮಾಡುವುದು ತಿಳಿಯುವುದಿಲ್ಲ. ಊಟ ಮಾಡುತ್ತಾ ಅವನು ಪತ್ರಿಕೆ ಓದುತ್ತಾನೆ. ನಾನೂ ಈಗ ಒಂದು ಪತ್ರಿಕೆ ತರಿಸಿಕೊಳ್ಳುತ್ತಿದ್ದೇನೆ. ಒಳ್ಳೆಯದೇ ಆಯಿತು, ಸುಮ್ಮನೆ ಅವನ ಮುಖ ನೋಡುತ್ತ ಕೂರುವುದು ತಪ್ಪಿತು.

ಮೇಲಿನ ಕೋಣೆಗೆ ಪೆಟ್ಟಿಗೆಗಳನ್ನು ಹಾಕಿದ್ದೇವೆ.

ಆರೋಗ್ಯ ನೋಡಿಕೋ.

ರೋವೀನಾ


ವಿಟ್‌ಬಿ
೨೧ ಸೆಪ್ಟೆಂಬರ್

ರೋವೀನಾ,

ನಿನ್ನ ಪತ್ರವನ್ನು ಅಂಚೆಯವನ ಎದುರೇ ಒಡೆದೆ. ಓದಿ ಮುಗಿಸಿದರೂ ಅವನು ಇನ್ನೂ ಬಾಗಿಲಿನಲ್ಲೇ ಇದ್ದ. ಹಿಂದು ಮುಂದು ತಿರುಗಿಸಿ ನೋಡಿದೆ. ‘ಬಾ’ ಎನ್ನುವ ಮಾತಿಲ್ಲ. ಏಪ್ರಿಲ್‌ನಿಂದ ಪ್ರತಿ ಪತ್ರದಲ್ಲೂ ನೀನು ಅದನ್ನು ಬರೆಯುತ್ತಿದ್ದೆ. ನಾನು ಕೆಲಸದ ನೆವ ಹೇಳುತ್ತಿದ್ದೆ, ನೀನು ಮತ್ತೆ ಬರೆಯುತ್ತಿದ್ದೆ. ಹಾಗೆ ನಡೆದುಕೊಂಡು ಹೋಗುತ್ತದೆ ಎಂದುಕೊಂಡಿದ್ದೆ.

ಒಂದು ಮೇಜಿಗೆ ಎರಡು ಪತ್ರಿಕೆ. ಇನ್ನೂ ವರ್ಷ ತುಂಬಿಲ್ಲ. ನಮ್ಮ ಮನೆಯಲ್ಲಿ ಅಷ್ಟಾಗಲು ನಾಲ್ಕು ವರ್ಷ ಹಿಡಿದಿತ್ತು. ಆಮೇಲೆ ನಾನೂ ನನ್ನ ಅಕ್ಕತಂಗಿಯರಿಗೆ ಹವೆ ಪರವಾಗಿಲ್ಲ ಎಂದು ಬರೆಯುತ್ತಿದ್ದೆ. ಸಿರಿಲ್ ಕೆಟ್ಟವರಲ್ಲ. ಗಾಡಿಯ ಮೌನವನ್ನು ಅವರು ಟೋಪಿಯ ಜೊತೆ ಬಾಗಿಲಲ್ಲಿ ತೆಗೆದಿಡಲಿಲ್ಲ, ತೆಗೆದಿಡಿ ಎಂದು ನಾನೂ ಹೇಳಲಿಲ್ಲ. ಬೂದು ಕೈಗವಸಿನವರಿಗೆ ನಾಲ್ಕನೆಯ ಸಲ ಕಾಗದ ಶುರುಮಾಡಿದ್ದೆ. ಒಲೆಗೆ ಹಾಕಿದೆ. ಇಂಥದ್ದನ್ನು ಬರೆದು ಕಳಿಸಬಾರದು.

ಬಾಡಿಗೆಯವರನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿದ್ದೇನೆ. ಅವಳ ಅಡುಗೆ ತಿಂದರೆ ಮುಂದಿನ ವರ್ಷ ಬರುವುದಿಲ್ಲ, ಬಿಡು. ಪೆಟ್ಟಿಗೆಗಳನ್ನು ಮೇಲಿನ ಕೋಣೆಯಿಂದ ತೆಗೆಸು. ಪರದೆ ಹಾಕದಿದ್ದರೂ ನಡೆಯುತ್ತದೆ.

ಒಂದು ಕೆಲಸ ಮಾಡು. ಲಯನೆಲ್‌ನನ್ನು ಕೂರಿಸಿ, ಪತ್ರಿಕೆ ಕಿತ್ತುಕೊಂಡು, ನಿನ್ನ ದೊಡ್ಡಪ್ಪನ ವಿಷಯ ಹೇಳು. ಹೇಗೆ ಶುರುಮಾಡುವುದು ಎಂದು ಯೋಚಿಸಬೇಡ, ಪೆಪ್ಪರ್‌ಮಿಂಟ್ ಹಂಚಿದಾಗ ಯೋಚಿಸಿದ್ದೆಯಾ? ಹೇಳಿ ಮುಗಿಸಿದ ಮೇಲೆ, ನಾನು ಬರುವ ದಿನ ಸಂಜೆ ಅವನು ತನ್ನ ಹಳೆಯ ಗಾಡಿಗೆ, ಹಳೆಯ ಡಬ್ಬಿಗೆ ಬರಬೇಕು ಎಂದು ಹೇಳು. ತನ್ನ ಜಾಗದಲ್ಲೇ ಕೂರಲಿ. ನಾನು ಪಕ್ಕದಲ್ಲಿ ಕೂರುತ್ತೇನೆ, ಮಿಸ್ಟರ್ ಪಾರ್ಗೆಟರ್ ಎದುರಿಗೆ. ಲಂಡನ್ ಬಿಟ್ಟ ಕ್ಷಣದಿಂದ ಮಾತಾಡುತ್ತೇನೆ, ಸುರಂಗದಲ್ಲೂ ನಿಲ್ಲಿಸುವುದಿಲ್ಲ. ಯಾರಿಗೆ ಮುಜುಗರವಾಗುತ್ತದೋ ಅವರು ಬೇರೆ ಡಬ್ಬಿ ನೋಡಿಕೊಳ್ಳಲಿ.

ನೀನು ಸ್ಟೇಷನ್ನಿನ ಮುಂದೆ ನಿಂತಿರು. ನಾವು ಇಳಿಯುವುದು ಸ್ವಲ್ಪ ನಿಧಾನವಾದೀತು, ಗಾಬರಿಯಾಗಬೇಡ. ಕಾಯುತ್ತಿರುವಾಗ ಪಕ್ಕದಲ್ಲಿ ನಿಂತವಳ ಹೆಸರು ಕೇಳು.

ಸೆಪ್ಟೆಂಬರ್ ಇಪ್ಪತ್ತೇಳು, ಶುಕ್ರವಾರ. ಲಂಡನ್ನಿನಿಂದ ಸಂಜೆ ಐದು ಐವತ್ತೆರಡಕ್ಕೆ ಹೊರಡುವ ಗಾಡಿ.

ನಿನ್ನ ದೊಡ್ಡಮ್ಮ,
ಹೆಸ್ಟರ್